ಎಂಜಿನ್ ಆಫ್ ಮಾಡುವಾಗ ಗಡಗಡ ಸದ್ದು: ಡ್ಯುಯಲ್ ಮಾಸ್ ತೆಗೆದು ಸಾಲಿಡ್ ಫ್ಲೈವೀಲ್ ಹಾಕಿಸಬಹುದಾ?

ಹಾಸನ_ಡೀಸೆಲ್:
ನಮಸ್ಕಾರ. ನಾಲ್ಕು ಸಿಲಿಂಡರಿನ ಡೀಸೆಲ್ ಕಾರು, 1.4 ಲಕ್ಷ ಕಿ.ಮೀ. ಓಡಿದೆ. ಐಡಲ್‌ನಲ್ಲಿ ಗೇರ್‌ಬಾಕ್ಸ್ ಕಡೆಯಿಂದ ಕಟಕಟ ಅನ್ನುತ್ತೆ, ಆಫ್ ಮಾಡಿದರೆ ಗಡಗಡ ಒದರಿ ನಿಲ್ಲುತ್ತೆ. ಪಿಕಪ್ ಚೆನ್ನಾಗಿದೆ. ಡ್ಯುಯಲ್ ಮಾಸ್ ಫ್ಲೈವೀಲ್ (ಎರಡು ಭಾಗದ ಭಾರದ ಚಕ್ರ) ಹೋಗಿದೆ, ಸಾಲಿಡ್ (ಒಂದೇ ತುಂಡಿನದು) ಹಾಕಿದರೆ ಕಮ್ಮಿ ಖರ್ಚಲ್ಲಿ ಮುಗಿಯುತ್ತೆ ಅಂತಾರೆ ಮೆಕ್ಯಾನಿಕ್. ಇಷ್ಟಕ್ಕೂ ಫ್ಲೈವೀಲ್‌ನ ಕೆಲಸ ಏನು?

ಗ್ಯಾರೇಜ್_ಗೆಳೆಯ:
ದುಡ್ಡು ಬಿಚ್ಚುವ ಮೊದಲು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಕ್ಲಚ್ ಒತ್ತಿ ನೋಡಿ ಸರ್. ಒತ್ತಿದಾಗ ಸದ್ದು ಶುರುವಾದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಮೇಲೆ ಅನುಮಾನ. ಒತ್ತಿದ ಕೂಡಲೇ ಪೂರ್ತಿ ನಿಂತರೆ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟ್ ಬೇರಿಂಗ್ ನೋಡಿಸಿ. ಎಂಜಿನ್ ಮೌಂಟ್ (ಎಂಜಿನ್ ಕೂರಿಸಿರುವ ಆಧಾರ) ಸವೆದಿದ್ದರೂ ಆಫ್ ಮಾಡುವಾಗ ಹೀಗೇ ಒದರುತ್ತೆ.

ಹಾಸನ_ಡೀಸೆಲ್:
ಮೌಂಟ್ ಸರಿ ಇವೆ. ಕ್ಲಚ್ ಒತ್ತಿದರೆ ದನಿ ಬದಲಾಗುತ್ತೆ, ಸದ್ದು ನಿಲ್ಲಲ್ಲ.

ಟಾರ್ಕ್_ಮಲೆನಾಡು:
ಹಾಗಾದರೆ ಫ್ಲೈವೀಲೇ ಇರುವ ಸಾಧ್ಯತೆ ಹೆಚ್ಚು. ನಾಲ್ಕು ಸ್ಟ್ರೋಕ್‌ಗಳಲ್ಲಿ ಶಕ್ತಿ ಕೊಡುವುದು ಪವರ್ ಸ್ಟ್ರೋಕ್ ಒಂದೇ. ನಿಮ್ಮ ಎಂಜಿನ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಪ್ರತಿ 180 ಡಿಗ್ರಿ ತಿರುಗಿದಾಗ ಒಂದು ತಳ್ಳು ಸಿಗುತ್ತೆ; ಮೂರು ಸಿಲಿಂಡರ್ ಆದರೆ 240 ಡಿಗ್ರಿಗೊಮ್ಮೆ. ನಡುವೆ ಗಾಳಿ ಅದುಮುವ ಕಂಪ್ರೆಷನ್ ದಾಟಿಸುವುದು ಫ್ಲೈವೀಲ್‌ನ ತೂಕ. ಕುಂಬಾರ ಕೋಲು ತೆಗೆದ ಮೇಲೂ ತಿಗರಿ ತಿರುಗುತ್ತದಲ್ಲ, ಹಾಗೆ. ಸ್ಟಾರ್ಟರ್ ಮೋಟಾರ್ ಹಿಡಿಯುವ ರಿಂಗ್ ಗೇರ್ ಇರುವುದೂ ಅದರ ಅಂಚಿನಲ್ಲೇ, ಕ್ಲಚ್ ಪ್ಲೇಟ್ ಕಚ್ಚುವುದೂ ಅದರ ಮುಖಕ್ಕೇ.

ತಿರುಗುವ ಚಕ್ರದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 2400 ಆರ್‌ಪಿಎಂನಲ್ಲಿ ಇರುವುದರ ಒಂಬತ್ತನೇ ಒಂದು ಪಾಲು ಮಾತ್ರ 800ರಲ್ಲಿ ಇರುತ್ತೆ. ಅದಕ್ಕೇ ಕುಲುಕಾಟ ಐಡಲ್‌ನಲ್ಲೇ ಜಾಸ್ತಿ. ಡ್ಯುಯಲ್ ಮಾಸ್‌ನಲ್ಲಿ ಎರಡು ಭಾಗಗಳ ನಡುವೆ ಸ್ಪ್ರಿಂಗ್‌ಗಳಿವೆ. ಅವು ಅತಿ ಹೆಚ್ಚು ಅದುರುವ ವೇಗ ಐಡಲ್‌ಗಿಂತ ಕೆಳಗಿದೆ. ಆಫ್ ಮಾಡುವಾಗ ಎಂಜಿನ್ ಅದನ್ನು ಹಾದೇ ನಿಲ್ಲಬೇಕು. ಸ್ಪ್ರಿಂಗ್ ಸವೆದಿದ್ದರೆ ಆ ಕ್ಷಣದಲ್ಲೇ ಗಡಗಡ.

ಸಾಲಿಡ್ ಹಾಕಿದರೆ ಆ ಕಂಪನ ಗೇರ್‌ಬಾಕ್ಸ್ ಕಡೆಗೆ ಹೋಗುತ್ತೆ. ಹಾಕಲೇಬೇಕೆಂದರೆ ನಿಮ್ಮ ಎಂಜಿನ್‌ಗೆಂದೇ ಮಾಡಿದ ಪೂರ್ತಿ ಕಿಟ್, ಡ್ಯಾಂಪರ್ ಸ್ಪ್ರಿಂಗ್ ಇರುವ ಕ್ಲಚ್ ಪ್ಲೇಟ್ ಸಮೇತ ಹಾಕಿಸಿ. ಹಳೇ ಪ್ಲೇಟ್ ಜೊತೆ ಸಾಲಿಡ್ ಕೂರಿಸಲು ಬಿಡಬೇಡಿ. ಕಾರು ಇನ್ನೂ ನಾಲ್ಕೈದು ವರ್ಷ ಇಟ್ಟುಕೊಳ್ಳುವುದಾದರೆ ಡ್ಯುಯಲ್ ಮಾಸೇ ಹಾಕಿಸಿ ಅನ್ನುತ್ತೇನೆ.

ಗ್ಯಾರೇಜ್_ಗೆಳೆಯ:
ಗೇರ್‌ಬಾಕ್ಸ್ ಇಳಿಸಿದಾಗ ನೀವೂ ಹತ್ತಿರ ನಿಂತು ನೋಡಿ. ಫ್ಲೈವೀಲ್‌ನ ಹಿಂದಿನ ಭಾಗ ಎಡಬಲಕ್ಕೆ ಎಷ್ಟು ಸಡಿಲ ತಿರುಗುತ್ತೆ, ಎಷ್ಟು ವಾಲುತ್ತೆ ಅಂತ ಅಳೆದು ತಯಾರಕರ ಮಿತಿಗೆ ಹೋಲಿಸಲಿ. ಗ್ರೀಸ್ ಹೊರಗೆ ಚೆಲ್ಲಿದ್ದರೆ ಬದಲಿಸಿಬಿಡಿ. ಬೋಲ್ಟ್‌ಗಳು ಹೊಸವೇ ಇರಲಿ, ಬಿಗಿಯುವುದು ಟಾರ್ಕ್ ರೆಂಚಿನಲ್ಲಿ. ಇಂಜೆಕ್ಟರ್‌ಗಳನ್ನೂ ಪರೀಕ್ಷಿಸಿ, ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೆ ಹೊಸ ಫ್ಲೈವೀಲೂ ಬೇಗ ಹೋಗುತ್ತೆ.

ಟಾರ್ಕ್_ಮಲೆನಾಡು:
ಶಿರಾಡಿ ಘಾಟಿಯಲ್ಲಿ ಕಡಿಮೆ ಆರ್‌ಪಿಎಂನಲ್ಲಿ ದೊಡ್ಡ ಗೇರ್ ಹಾಕಿ ಎಳೆಸಬೇಡಿ, ಒಂದು ಗೇರ್ ಇಳಿಸಿ. ಸ್ಪ್ರಿಂಗ್‌ಗೆ ಹೆಚ್ಚು ಏಟು ಬೀಳುವುದು ಅಲ್ಲೇ.