ತಮ್ಮನ್ನ ಚಟ ಬಿಡಿಸೋ ಸೆಂಟರ್‌ಗೆ ಸೇರಿಸ್ಬೇಕಾ, ಮನೇಲೇ ಬಿಡಿಸ್ಬಹುದಾ? ಅನುಭವ ಇರೋರು ಹೇಳಿ

ಅಕ್ಕ_ಒಬ್ಬಳೇ: ತಮ್ಮಂಗೆ 22. ಬೆನ್ನುನೋವಿಗೆ ಅಂತ ಶುರುವಾದ ಟ್ರಮಡಾಲ್ (ಅಫೀಮಿನ ಜಾತಿಯ ನೋವಿನ ಮಾತ್ರೆ), ಈಗ ಒಂದೂವರೆ ವರ್ಷ, ಬಿಟ್ಟಿರಕ್ಕೇ ಆಗ್ತಿಲ್ಲ. ಹೋದ ತಿಂಗಳು ಫಿಟ್ಸ್ ಬಂತು. ಸೆಂಟರ್ ಅಂದ್ರೆ ಓಡೋಗ್ತೀನಿ ಅಂತಾನೆ.

ನಿದ್ದೆಗೇಡಿ: ಸೆಂಟರ್ ಗಿಂಟರ್ ಏನೂ ಬೇಡ. ನಮ್ಮಣ್ಣಂಗೆ ನಾನೇ ಮನೇಲಿ ಬಿಡಿಸ್ದೆ, ಒಂಬತ್ತು ದಿನ ಅವನ ರೂಮಿನ ಬಾಗಿಲಿಗೆ ಅಡ್ಡ ಮಲಗಿದ್ದೆ. ಮೂರನೇ ದಿನ ಒಂದಕ್ಕೇ ಏಳು ಬೆಡ್‌ಶೀಟ್ ಒಗೆದಿದೀನಿ, ವಾಂತಿ, ಭೇದಿ, ಮೂಗಲ್ಲಿ ಸುರಿಯೋ ನೀರು, ಆಕಳಿಸಿ ಆಕಳಿಸಿ ದವಡೆ ನೋವು ಅಂತ ಅಳ್ತಿದ್ದ, ರಾತ್ರಿಯಿಡೀ ಕಾಲು ಒದೀತಿದ್ದ. ನಲವತ್ತು ದಿನಕ್ಕೆ ಮತ್ತೆ ತಗೊಂಡ, ಅದು ಬೇರೆ ವಿಷ್ಯ. ಎರಡನೇ ಸಲ ಹನ್ನೊಂದು ದಿನ. ನನ್ನ ಕೆಲಸ ಹೋಯ್ತು, ಇಬ್ರ ಬೈಕೂ ಮಾರಿದ್ದಾಯ್ತು, ಆದ್ರೆ ಈಗ ಮೂರು ವರ್ಷದಿಂದ ಮುಟ್ಟಿಲ್ಲ.

ಹಿಂದಿನ_ತಂಗಿ: "ಅದು ಬೇರೆ ವಿಷ್ಯ" ಅಂದ್ಬಿಟ್ರಲ್ಲ, ನಮ್ಮನೇಲಿ ಅದೇ ವಿಷ್ಯ. ಹೆರಾಯಿನ್. ನಮ್ಮಣ್ಣ ಸೆಂಟರಲ್ಲಿ 28 ದಿನ ಇದ್ದು ಕ್ಲೀನಾಗಿ ಬಂದ, ನಾಲ್ಕನೇ ದಿನ ಹಳೇ ಲೆಕ್ಕದಲ್ಲೇ ಹಾಕ್ಕೊಂಡ. ಬಿಟ್ಟಿದ್ದಾಗ ಮೈಗೆ ಆ ತಡ್ಕೊಳೋ ಶಕ್ತಿ ಹೋಗಿರುತ್ತೆ ಅಂತ ನಮಗೆ ಒಬ್ರೂ ಹೇಳ್ಲಿಲ್ಲ. ಗೊರಕೆ ಹೊಡೀತಿದ್ದ, ಪಾಪ ಮಲಗ್ಲಿ ಅಂತ ನಾನೇ ಬಾಗಿಲು ಮುಂದೆ ಮಾಡಿ ಬಂದೆ. ಅದು ಗೊರಕೆ ಅಲ್ಲ. ಓವರ್ಡೋಸಾಗಿ ಉಸಿರು ನಿಲ್ತಿರೋರಿಗೆ ನಲಾಕ್ಸೋನ್ ಅಂತ ಮೂಗಿಗೆ ಹೊಡೆಯೋ ಔಷಧಿ ಇದೆ ಅಂತ ಗೊತ್ತಾಗಿದ್ದು ಎಲ್ಲಾ ಮುಗಿದ್ಮೇಲೆ.

ನಾಲಿಗೆಕೆಳಗೆ: ನಾನು ಬ್ಯುಪ್ರನಾರ್ಫಿನ್ ಮೇಲಿದೀನಿ (ಹೆರಾಯಿನ್ ಥರದ್ದು ಬಿಡಕ್ಕೆ ಡಾಕ್ಟರ್ ಕೊಡೋ, ನಾಲಿಗೆ ಕೆಳಗೆ ಇಟ್ಕೊಳೋ ಮಾತ್ರೆ), ಎರಡು ವರ್ಷ ಐದು ತಿಂಗಳು. ಕರಗೋ ತನಕ ಮಾತಾಡೋ ಹಂಗಿಲ್ಲ, ದಿನಾ ಬೆಳಿಗ್ಗೆ ಮೂಗನ ಥರ ಕೂತಿರ್ತೀನಿ. ಮೊದಲ್ನೇ ದಿನ ಆತುರಪಟ್ಟು ಹಳೇದು ಮೈಯಿಂದ ಇಳಿಯೋ ಮುಂಚೆನೇ ಇಟ್ಕೊಂಡೆ, ಅರ್ಧ ಗಂಟೇಲಿ ಮೇಲಿನವರು ಹೇಳಿದ ಒಂಬತ್ತೂ ದಿನ ಒಟ್ಟಿಗೆ ಬಂತು.

ನಿದ್ದೆಗೇಡಿ: ಅಂದ್ರೆ ಒಂದು ಮಾತ್ರೆ ಬಿಟ್ಟು ಇನ್ನೊಂದು ಮಾತ್ರೆ. ಇದಕ್ಕೆ ಬಿಟ್ಟೆ ಅಂತಾರಾ?

ನಾಲಿಗೆಕೆಳಗೆ: ಬಿಪಿ ಮಾತ್ರೆ ತಗೊಳೋರ್ನೂ ಹಿಂಗೇ ಕೇಳ್ತೀರಾ ಸ್ವಾಮಿ? ಮೆಥಡೋನ್ ಅನ್ನೋ ಇಂಥದೇ ಇನ್ನೊಂದು ಔಷಧಿನೂ ಇದನ್ನೂ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಅಗತ್ಯ ಔಷಧಿ ಪಟ್ಟಿಗೆ ಸೇರಿಸಿದೆ, ನಿಮ್ಮ ಸರ್ಟಿಫಿಕೇಟ್ ನಂಗೆ ಬೇಕಾಗಿಲ್ಲ. ಬೆಡ್‌ಶೀಟ್ ಎಣಿಸ್ಕೊಂಡಿರಿ.

ಹೊಗೆರಾಯ: ಇದೆಲ್ಲಾ ಕೆಮಿಕಲ್ ಸಹವಾಸ. ಗಾಂಜಾ ಬರೀ ಗಿಡ, ವಿಶ್ವಸಂಸ್ಥೆ ವರದಿ ಪ್ರಕಾರ 2022ರಲ್ಲಿ ಸುಮಾರು 22.8 ಕೋಟಿ ಜನ ತಗೊಂಡಿದಾರೆ, ಎಲ್ರೂ ಹಾಳಾಗೋದ್ರಾ?

ಹಿಂದಿನ_ತಂಗಿ: ಗಾಂಜಾ ಸುದ್ದಿ ಯಾರು ಎತ್ತಿದ್ರು ಇಲ್ಲಿ? ಅಫೀಮೂ ಗಿಡದ್ದೇ. ಅದೇ ವರದೀಲಿ ಇನ್ನೊಂದು ಸಾಲಿದೆ, ಚಟಕ್ಕೆ ಬಿದ್ದ 11 ಜನರಲ್ಲಿ ಒಬ್ರಿಗೆ ಮಾತ್ರ ಚಿಕಿತ್ಸೆ ಸಿಗ್ತಿರೋದು. ಅದನ್ನ ಹಾರಿಸ್ಕೊಂಡ್ರಾ?

ಹೊಗೆರಾಯ: ಮೇಡಂ, ನಾನು ಹನ್ನೆರಡು ವರ್ಷದಿಂದ ಸೇದ್ತಿದೀನಿ, ಬೇಕಂದ್ರೆ ನಾಳೆನೇ ಬಿಡ್ತೀನಿ.

ನಾಲಿಗೆಕೆಳಗೆ: ಹನ್ನೆರಡು ವರ್ಷದಿಂದ ನಾಳೆನೇ.

ಅಕ್ಕ_ಒಬ್ಬಳೇ: ಫಿಟ್ಸ್ ಬಗ್ಗೆ ಯಾರಾದ್ರೂ ಹೇಳ್ತೀರಾ ಪ್ಲೀಸ್?

ಹಿಂದಿನ_ತಂಗಿ: ಟ್ರಮಡಾಲ್ ಜಾಸ್ತಿ ಆದ್ರೆ ಅದರಿಂದಾನೇ ಫಿಟ್ಸ್ ಬರುತ್ತೆ ಕಣಮ್ಮಾ. ಮನೇಲಿ ನೀನೇ ನಿಲ್ಲಿಸಕ್ಕೆ ಹೋಗ್ಬೇಡ, ಇವತ್ತೇ ಡಾಕ್ಟರಿಗೆ ತೋರ್ಸು. ನಿದ್ದೆ ಮಾತ್ರೆನೂ ನುಂಗ್ತಾನಾ ಅಂತ ಕೇಳು, ಅದನ್ನ ದಿಢೀರಂತ ನಿಲ್ಲಿಸಿದ್ರೂ ಫಿಟ್ಸೇ. ರೂಮಲ್ಲಿ ಮಾತ್ರ ಕೂಡಿಹಾಕ್ಬೇಡ, ಇವರ ಥರ.

ನಿದ್ದೆಗೇಡಿ: ನಾನು ಕೂಡಿಹಾಕಿರ್ಲಿಲ್ಲ. ಬಾಗಿಲಿಗೆ ಅಡ್ಡ ಮಲಗಿದ್ದೆ ಅಂತ ಬರೆದಿರೋದು. ಸರಿಯಾಗಿ ಓದಿ.