ಮೈಮುರಿದು ದುಡಿಯೋರಿಗೂ ಶುಗರ್ ಯಾಕ್ರಿ?

ಹುಬ್ಬಳ್ಳಿ ಹುಡುಗ: ನಮ್ಮ ಕಾಕಾ ಅಮರಗೋಳ ಎಪಿಎಂಸ್ಯಾಗ ಹಮಾಲಿ ಮಾಡ್ತಾರ, ಆದ್ರೂ ಹೊಟ್ಟಿ ಬಂದೈತಿ, ಶುಗರೂ ಬಂದೈತಿ. ಬಾಯಿ ಕಟ್ರಿ ಅಂದ್ರ ಕೇಳಂಗಿಲ್ಲ. ಏನ್ ಮಾಡೋದು?

ಗದಗಿನಾಕಿ: ಬಾಯಿ ಕಟ್ಟೋದು ರೊಕ್ಕಾ ಇದ್ದೋರಿಗೆ ಸಸಾರ ರೀ. ನಸುಕಿನ್ಯಾಗ ಹೋದೋರು ಚಾ, ಗುಟ್ಕಾದಾಗ ಹಸಿವಿ ತಳ್ಳಿ, ಸಂಜಿಗೆ ಗಿರಮಿಟ್ಟು ಮಿರ್ಚಿ ತಿಂದು, ರಾತ್ರಿ ಗಂಗಾಳ ತುಂಬ ಅನ್ನ ಉಣ್ತಾರ, ಬ್ಯಾಳಿ ನೀರ್ ನೀರು, ಕಾಯಿಪಲ್ಲೆ ಹೆಸರಿಗಷ್ಟ. ಪ್ರೋಟೀನ್ ಕಡಿಮಿ ಆದ್ರ ಲಗೂನ ಮತ್ತ ಹಸಿವಾಗ್ತೈತಿ, ಮತ್ತ ಅನ್ನನ ಉಣ್ತಾರ, ಹಿಂಗ ಹೊಟ್ಟಿನೂ ಬರ್ತೈತಿ, ಶುಗರೂ ಏರ್ತೈತಿ.

ಹಾವೇರಿ ಮಂದಿ: 2013ರಾಗ ಅನ್ನಭಾಗ್ಯ ಬಂತು, ಅಕ್ಕಿ ಪುಕ್ಕಟೆ ಸಿಗ್ತೈತಿ, ಜೋಳ ಹೆಚ್ಚಾಗಿ ಕೊಂಡು ತರಬೇಕು, ಅದಕ್ಕ ಗಂಗಾಳದಾಗ ಅನ್ನನ ಜಾಸ್ತಿ. ಅಕ್ಕಿ ಬ್ಯಾಡ ಅನ್ನಾಕತ್ತಿಲ್ಲ ಮತ್ತ, ಎಷ್ಟೋ ಮನಿ ಉಪವಾಸ ತಪ್ಪಿಸೇತಿ ಅದು.

ಹುಬ್ಬಳ್ಳಿ ಹುಡುಗ: ಗುಟ್ಕಾ ಬ್ಯಾನ್ ಐತಲ್ರಿ?

ಗದಗಿನಾಕಿ: ಪಾನ್ ಮಸಾಲಾ ಒಂದ್ ಚೀಟು, ತಂಬಾಕು ಒಂದ್ ಚೀಟು, ಕೂಡ್ಸಿದ್ರ ಆತು! ಕಾಕಾಗ ಬೈಬ್ಯಾಡ್ರಿ, ಮುಂಜಾನೆ ಡಬ್ಬ್ಯಾಗ ಎರಡು ರೊಟ್ಟಿ, ಮೊಳಕಿ ಹೆಸರು ಕಟ್ಟಿ ಕೊಡ್ರಿ.