ಹಳೇ ಸ್ಪೀಕರ್ ಜೋಡಿ 18,000ಕ್ಕೆ ಸಿಗ್ತಿದೆ, ತಗೊಳ್ಳೋದಾ?

ಪ್ರಶ್ನೆ: ತುಮಕೂರಿನ ಎಸ್.ಎಸ್. ಪುರಂನಲ್ಲಿ ರಿಟೈರ್ಡ್ ಮೇಷ್ಟ್ರೊಬ್ಬರ ಹತ್ತಿರ 1980ರ ದಶಕದ ಇಂಗ್ಲೆಂಡ್ ಸ್ಪೀಕರ್ ಇದೆ. ವೂಫರ್ (ಬಾಸ್ ಕೊಡೋ ದೊಡ್ಡ ಸ್ಪೀಕರ್) ಸುತ್ತಲಿನ ಫೋಮ್ ಅಂಚು ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಅನುಭವ ಇದ್ದವರು ಹೇಳಿ.

ಕ್ಯಾತ್ಸಂದ್ರದವನು: ಇಂಥದ್ದಕ್ಕೇ ನಾನು 11,000 ಕೊಟ್ಟೆ. ಮೂರನೇ ದಿನಕ್ಕೆ ಫೋಮ್ ಹಪ್ಪಳದ ಹಾಗೆ ಉದುರಿತು. ಬೆಂಗಳೂರಿನ ಎಸ್.ಪಿ. ರೋಡಿಗೆ ಮೂರು ಸಲ ಅಲೆದೆ. ಮೊದಲು ತಂದ ಫೋಮ್ 8 ಇಂಚಿನದೇ, ಆದರೆ ನನ್ನ ವೂಫರಿನ ಕೋನಿಗೆ (ಸದ್ದು ಮಾಡೋಕೆ ಅದುರೋ ಶಂಕುವಿಗೆ) ಕಾಲಿಂಚು ಚಿಕ್ಕದು. ಫೋಮ್ 1,400, ಅಂಟು 280, ಬಸ್ಸು ಊಟ ಸೇರಿ 900. ಎಡಗಡೆಯದು ಚೆನ್ನಾಗಿ ಕೂತಿತು. ಬಲಗಡೆಯದರಲ್ಲಿ ಕಾಯಿಲ್ (ಕೋನಿನ ಹಿಂದಿರೋ ತಂತಿ ಸುರುಳಿ) ಸೆಂಟರ್ ತಪ್ಪಿ, ಮೃದಂಗ ಬಂದಾಗಲೆಲ್ಲ ಖರ್ ಖರ್. ಮತ್ತೆ ಬಿಚ್ಚಿದೆ. ಕೋನಿನ ನಡುವಿನ ಟೋಪಿ ಕತ್ತರಿಸಿ, ಅಮ್ಮನ ಮಂಡಿಯ ಎಕ್ಸ್‌ರೇ ಫಿಲಂ ಪಟ್ಟಿ ಮಾಡಿ, ಕಾಯಿಲ್ ಸರಿಯಾಗಿ ನಡುವೆ ನಿಲ್ಲೋ ಹಾಗೆ ಅದರ ಒಳಸುತ್ತಿನ ಸಂದಿಗೆ ತೂರಿಸಿ, ಫೋಮ್ ಅಂಟಿಸಿದ ಮೇಲೆ ಪಟ್ಟಿ ತೆಗೆದೆ. ಈಗ ಸೌಂಡ್ ಕೇಳಬೇಕು ನೀವು!

ಕೆಜಿಎಫ್‌ನವ: ಫೋಮ್ ಇರೋದನ್ನ ತಗೊಂಡಿದ್ದೇ ತಪ್ಪು. ನನ್ನದು ಎಲ್‌ಎಸ್3/5ಎ ಅನ್ನೋ ಪುಟ್ಟ ಸ್ಪೀಕರ್. 70ರ ದಶಕದಲ್ಲಿ ಬಿಬಿಸಿಯವರು ಪ್ರಸಾರದ ವ್ಯಾನಿಗೆಂದು ರೂಪಿಸಿದ್ದು. ರಬ್ಬರ್ ಅಂಚು, ಇವತ್ತಿಗೂ ಗಟ್ಟಿ. ಬಾಸ್ ಕಡಿಮೆ, ಆಂಪ್ಲಿಫೈಯರ್ ಜೋರಾಗಿ ತಿರುಗಿಸಬೇಕು, ಒಪ್ಪಿದೆ. ಆದರೆ ಹಾಡೋರು ಉಸಿರು ಎಳೆದದ್ದೂ ಕೇಳಿಸುತ್ತೆ.

ಚಿಂತಾಮಣಿ: ಇಬ್ಬರೂ ಅಂಚು ಹಿಡಿದುಕೊಂಡೇ ಕೂತಿದ್ದೀರಿ. ಕ್ರಾಸೋವರ್ (ಬಾಸ್ ವೂಫರಿಗೆ, ಕೀಚಲು ಸದ್ದು ಟ್ವೀಟರಿಗೆ ಹಂಚೋ ಸರ್ಕ್ಯೂಟ್) ಒಳಗಿನ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ 40 ವರ್ಷಕ್ಕೆ ಒಣಗಿರುತ್ತೆ ಸ್ವಾಮಿ. ಇಲ್ಲೊಬ್ಬ ರಿಪೇರಿಯವನು ನಾನ್-ಪೋಲಾರ್ ಹಾಕೋ ಕಡೆ ಪ್ಲಸ್ ಮೈನಸ್ ಇರೋದನ್ನ ಹಾಕಿದ. ಎರಡೇ ವಾರಕ್ಕೆ ಅದು ಉಬ್ಬಿತು, ಟ್ವೀಟರೂ ಹೋಯಿತು. ಹೊರದೇಶದಿಂದ ಟ್ವೀಟರ್ 6,200, ಮೇಲೆ ಕಸ್ಟಮ್ಸ್ 2,350. ಆಮೇಲೆ ನಾನೇ ಒಣಗೋ ದ್ರವವೇ ಇಲ್ಲದ ಫಿಲಂ ಕೆಪಾಸಿಟರ್ ಹಾಕಿದೆ. ಕಿವಿಯ ಗುಗ್ಗೆ ತೆಗೆದ ಹಾಗಾಯಿತು!

ಕೆಜಿಎಫ್‌ನವ: ಅದು ಕಿವಿ ಹೇಳ್ತಿರೋದಲ್ಲ, ಖರ್ಚಾದ ದುಡ್ಡು ಹೇಳ್ತಿರೋದು. ನನ್ನದರಲ್ಲಿ ಹಳೇ ಕೆಪಾಸಿಟರೇ ಇದೆ, ಏನೂ ಆಗಿಲ್ಲ.

ಚಿಂತಾಮಣಿ: ಮೀಟರ್ ಇಟ್ಟು ಅಳೆದಿದ್ದೀರಾ? ಇಲ್ಲ ಅಲ್ವಾ? ಸುಮ್ನೆ ಬಿಬಿಸಿ ಬಿಬಿಸಿ ಅಂತ.

ಕ್ಯಾತ್ಸಂದ್ರದವನು: ನೀವಿಬ್ಬರೂ ಆಮೇಲೆ ಜಗಳ ಆಡಿ. ಪ್ರಶ್ನೆ ಕೇಳಿದವರೇ, ಎರಡೂ ಕೈಬೆರಳಿಂದ ಕೋನನ್ನ ಸಮವಾಗಿ, ಮೆಲ್ಲಗೆ ಒತ್ತಿ ನೋಡಿ. ಕೆರೆದ ಸದ್ದು ಬಂದರೆ ಕಾಯಿಲ್ ಉಜ್ಜುತ್ತಿದೆ ಅಂತ. ಹೇಗೂ ಫೋಮ್ ಬದಲಿಸಲೇಬೇಕು. 8,000ಕ್ಕಿಂತ ಒಂದು ರೂಪಾಯಿ ಜಾಸ್ತಿ ಕೊಡಬೇಡಿ.

ಕೆಜಿಎಫ್‌ನವ: 11,000 ಕೊಟ್ಟವರು 8,000 ಅನ್ನೋದು ಚೆನ್ನಾಗಿದೆ.

ಕ್ಯಾತ್ಸಂದ್ರದವನು: ಪೆಟ್ಟು ತಿಂದಿದ್ದಕ್ಕೇ ಹೇಳ್ತಿರೋದು. ನಿಮ್ಮ ಕೈಲಿ ಸ್ಕ್ರೂಡ್ರೈವರ್ ಹಿಡಿದ ಗುರುತೇ ಕಾಣಲ್ಲ.

ಚಿಂತಾಮಣಿ: ಕೆಜಿಎಫ್‌ನವರೇ, ಭಾನುವಾರ ಬನ್ನಿ. ಒಂದು ಸ್ಪೀಕರಿಗೆ ಹಳೇ ಕೆಪಾಸಿಟರ್, ಇನ್ನೊಂದಕ್ಕೆ ಹೊಸದು ಹಾಕಿಡ್ತೀನಿ. ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸ್ತೀನಿ, ಯಾವುದು ಯಾವುದು ಅಂತ ಹೇಳಿ ನೋಡೋಣ.

ಕೆಜಿಎಫ್‌ನವ: ಬಸ್ ಚಾರ್ಜ್ ನೀವು ಕೊಡ್ತೀರಾ?